ಯಾರೂ ನೋಡದ ಜತಿಸ್ವರ

ಡ್ಯಾನ್ಸ್ ಸ್ಕೂಲಿನ ವಾರ್ಷಿಕೋತ್ಸವಕ್ಕೆ ವಿಮರ್ಶೆ ಬರೆಯೋರು ಯಾರೂ ಇಲ್ಲ. ಮರುದಿನದ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತೆ, ಅದರ ಕೆಳಗೆ ಮೂರು ಸಾಲು. ಪುಟಾಣಿಗಳ ನೃತ್ಯ ಪ್ರೇಕ್ಷಕರನ್ನು ‘ಮಂತ್ರಮುಗ್ಧ’ಗೊಳಿಸಿರುತ್ತೆ, ಇಲ್ಲಾಂದ್ರೆ ನೆರೆದವರ ‘ಮನಸೂರೆ’ಗೊಂಡಿರುತ್ತೆ. ಉಳಿದ ಜಾಗದಲ್ಲಿ ವೇದಿಕೆ ಮೇಲೆ ಯಾರ್ಯಾರು ಕೂತಿದ್ದರು ಅನ್ನೋ ಪಟ್ಟಿ. ಇದರಲ್ಲಿ ತಪ್ಪೇನಿಲ್ಲ ಅಂತಾನೇ ನಾನೂ ಅಂದುಕೊಂಡಿದ್ದೆ. ಎಂಟು ವರ್ಷದ ಮಕ್ಕಳ ಕುಣಿತವನ್ನ ಕೂತು ಯಾರು ವಿಮರ್ಶೆ ಮಾಡ್ತಾರೆ?

ಕಳೆದ ಡಿಸೆಂಬರಿನ ಒಂದು ಭಾನುವಾರ ಬೀದರಿನಲ್ಲಿ ಅಂಥದೊಂದು ಕಾರ್ಯಕ್ರಮದಲ್ಲಿದ್ದೆ. ಬೆಳಿಗ್ಗೆ 10ರಿಂದ ಪರದೆ ಹಿಂದೆ, ಸಂಜೆ 6ರಿಂದ ವೇದಿಕೆ ಮೇಲೆ, ಆಮೇಲೆ ಮುಂದಿನ ಸಾಲಿನ ಕುರ್ಚಿಯಲ್ಲಿ. ಆ ದಿನದ ಅತ್ಯುತ್ತಮ ನೃತ್ಯವನ್ನ ಪ್ರೇಕ್ಷಕರು ನೋಡಲೇ ಇಲ್ಲ. ನೋಡದೇ ಇರೋದಕ್ಕೆ ಒಂದಷ್ಟು ಕಾರಣ ನಾನು. ಅದಕ್ಕೇ ಈ ವಿಮರ್ಶೆ.

ಸ್ಕೂಲಿನ ಹೆಸರು ಹೇಳಲ್ಲ. ಹೇಳಿದರೆ ಇದು ಒಬ್ಬರ ಮೇಲಿನ ದೂರಾಗುತ್ತೆ. ನಾನು ಹೇಳಹೊರಟಿರೋದು ಬೀದರಿನ ರಂಗಮಂದಿರದಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ವರೆಗೆ ಎಲ್ಲಾ ಕಡೆ ನಡೆಯೋ ವಿಷಯ. ಸ್ಕೂಲು ನಡೆಸೋಳು ನನ್ನ ಗೆಳತಿ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕ್ಲಾಸಿನಲ್ಲಿ ಭರತನಾಟ್ಯ ಕಲಿತವರು. ನಾನು ಜೂನಿಯರ್ ಪರೀಕ್ಷೆ ಮುಗಿಸಿ ಗೆಜ್ಜೆ ಬಿಚ್ಚಿಟ್ಟು ಇಂಜಿನಿಯರಿಂಗ್ ಅಂತ ಹೊರಟೆ, ಈಗ ಹೈದರಾಬಾದಿನಲ್ಲಿ ಕೆಲಸ. ಅವಳು ಬಿಡಲಿಲ್ಲ. ವಾರದಲ್ಲಿ ನಾಲ್ಕು ದಿನ ಬೀದರಿನಲ್ಲಿ ಕ್ಲಾಸು, ಬುಧವಾರ ಭಾಲ್ಕಿ, ಶನಿವಾರ ಮಧ್ಯಾಹ್ನ ಔರಾದ್. ಎರಡೂ ಊರು ಬೀದರಿನಿಂದ 40 ಕಿಲೋಮೀಟರ್ ಆಸುಪಾಸು. ಭಾಲ್ಕಿಗೆ ರೈಲಾದರೂ ಇದೆ, ಔರಾದಿಗೆ ಬಸ್ಸೇ ಗತಿ.

ನವೆಂಬರಿನಲ್ಲಿ ದೀಪಾವಳಿ ರಜೆಗೆ ಭಾಲ್ಕಿಗೆ ಹೋಗಿದ್ದಾಗ ಒಂದು ಶನಿವಾರ ಅವಳ ಜೊತೆ ಔರಾದಿಗೆ ಹೋದೆ. ರಸ್ತೆಯ ಎರಡೂ ಬದಿ ತೊಗರಿ ಎದೆಮಟ್ಟ ನಿಂತಿತ್ತು. ಕ್ಲಾಸು ನಡೆಯೋದು ಒಂದು ಶಾಲೆಯ ಕೋಣೆಯಲ್ಲಿ. ಮಕ್ಕಳೇ ಬೆಂಚುಗಳನ್ನ ಗೋಡೆಗೆ ಒತ್ತಿ, ಕಸ ಹೊಡೆದು, ಚಪ್ಪಲಿ ಸಾಲಾಗಿ ಬಿಟ್ಟು ನಿಂತಿದ್ದರು. ಏಳು ಹುಡುಗಿಯರು, ಹನ್ನೆರಡರಿಂದ ಹದಿನೈದರ ವಯಸ್ಸು. ಇಬ್ಬರು ಊರಿನವರು, ಉಳಿದವರು ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬರೋರು. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ಈ ಬ್ಯಾಚು ಗಟ್ಟಿಯಾಯ್ತು ಅಂತ ಗೆಳತಿ ಹೇಳಿದಳು. ಮೊದಲು ಕ್ಲಾಸಿನ ಫೀಸಿಗಿಂತ ಬಸ್ಸಿನ ಖರ್ಚೇ ಜಾಸ್ತಿ ಆಗ್ತಿತ್ತಂತೆ. ಒಬ್ಬ ಹುಡುಗನೂ ಇದ್ದ, ಅವನಿಗೆ ಟಿಕೆಟ್ ತಪ್ಪಲಿಲ್ಲ, ಬಿಟ್ಟುಬಿಟ್ಟ. ‘ಗಂಡ್ಮಕ್ಕಳಿಗೂ ಫ್ರೀ ಮಾಡ್ಬೇಕಂತ ನಾನೇ ಅರ್ಜಿ ಬರೀತೀನಿ’ ಅಂತ ಅವಳು ನಕ್ಕಳು.

ಅಲ್ಲಿ ಅವಳ ಕೈಲಿದ್ದದ್ದು ಒಂದು ತಟ್ಟುಮಣೆ, ಒಂದು ಕೋಲು. ಮೊಬೈಲು ಬ್ಯಾಗಿನಲ್ಲೇ ಇತ್ತು. ಬಾಯಲ್ಲಿ ಸೊಲ್ಲು ಹೇಳ್ತಾ, ಕೋಲಿನಿಂದ ತಾಳ ಹಾಕ್ತಾ, ನಡುನಡುವೆ ಕನ್ನಡ, ದಖನಿ, ಮರಾಠಿ ಮೂರನ್ನೂ ಬೆರೆಸಿ ಬೈತಾ ಪಾಠ ಮಾಡ್ತಿದ್ದಳು. ‘ಇನ್ನಾ ಕೆಳಗ ಕೂಡ್ರು. ಅರ್ಧಾ ಕೂತಿದಿ, ಅರ್ಧಾ ನಿಂತಿದಿ. ಬಸ್ ಕಾಯ್ಲತಿದೇನ್?’ ಅಂತ ಅರಮಂಡಿ ತಿದ್ದಿದಳು. ಒಬ್ಬಳಿಗೆ ಕಾಲು ಮತ್ತೆ ಮತ್ತೆ ತಾಳ ಬಿಟ್ಟು ಮುಂದೆ ಓಡ್ತಿತ್ತು. ಕೋಲು ಕೆಳಗಿಟ್ಟು ಅವಳನ್ನ ಕೇಳಿದಳು: ‘ನಿಮ್ಮವ್ವ ರೊಟ್ಟಿ ಬಡೀತಾಳಿಲ್ಲೊ?’

‘ಬಡೀತಾಳ್ರಿ ಮ್ಯಾಡಮ್.’

‘ಬಡ್ಯೋವಾಗ ನಿನಗ ಬೈತಾಳ, ನಿಮ್ಮಪ್ಪನ ಕೂಡ ಮಾತಾಡ್ತಾಳ, ಒಲಿ ಮುಂದ್ ಮಾಡ್ತಾಳ. ಕೈ ತಪ್ಪತದೇನ್?’

‘ಇಲ್ರಿ.’

‘ತಾಳ ಅಂದ್ರ ಅದೇ ಅದಾ. ಇವತ್ತ್ ರಾತ್ರಿ ಕೂತು ಕೇಳು.’

ಜೋಳದ ರೊಟ್ಟಿಯ ಸಪ್ಪಳ ಕೇಳ್ತಾನೇ ಬೆಳೆದವಳು ನಾನು. ಅದು ತಾಳದ ಪಾಠ ಆಗಬಹುದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ, ನಮ್ಮ ಟೀಚರೂ ಹೇಳಿರಲಿಲ್ಲ.

ಅವರು ಕಲೀತಿದ್ದದ್ದು ರೂಪಕ ತಾಳದ ಸಾವೇರಿ ಜತಿಸ್ವರ. ಗೊತ್ತಿಲ್ಲದವರಿಗೆ ಒಂದು ಮಾತು: ಭರತನಾಟ್ಯದ ಹಳೇ ಕ್ರಮದಲ್ಲಿ ಅಲರಿಪ್ಪು ಆದ ಮೇಲೆ ಬರೋದು ಜತಿಸ್ವರ. ಅದಕ್ಕೆ ಸಾಹಿತ್ಯ ಇಲ್ಲ, ಬರೀ ಸ್ವರ. ದೇವರಿಲ್ಲ, ನಾಯಕಿ ಇಲ್ಲ, ಕಥೆ ಇಲ್ಲ. ಮುಖದಲ್ಲಿ ಭಾವ ತೋರಿಸಿ ಕಾಲಿನ ತಪ್ಪು ಮುಚ್ಚಿಕೊಳ್ಳೋ ಅವಕಾಶವೇ ಇಲ್ಲ. ಅಡವುಗಳನ್ನ ಜೋಡಿಸಿದ ಕೋರ್ವೆಗಳು ಒಂದಾದ ಮೇಲೊಂದು ಬರುತ್ತೆ, ಸ್ವರದ ಲೆಕ್ಕಕ್ಕೆ ಸರಿಯಾಗಿ ಕೂಡಬೇಕು, ಅಷ್ಟೇ. ಅದಕ್ಕೇ ವಾರ್ಷಿಕೋತ್ಸವದ ಪ್ರೇಕ್ಷಕರಿಗೆ ಜತಿಸ್ವರ ಅಂದ್ರೆ ಚಹಾ ಕುಡಿದು ಬರೋ ಸಮಯ.

ಆ ಏಳು ಜನರ ಜತಿಸ್ವರವನ್ನ ಎರಡು ಸಲ ನೋಡಿದೆ: ನವೆಂಬರಿನಲ್ಲಿ ಔರಾದಿನಲ್ಲಿ ಅರ್ಧಂಬರ್ಧ, ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ 11ಕ್ಕೆ ಬೀದರಿನ ಖಾಲಿ ರಂಗಮಂದಿರದಲ್ಲಿ ಪೂರ್ತಿ. ಚೂಡಿದಾರದ ಮೇಲೆ ವೇಲು ಸೊಂಟಕ್ಕೆ ಕಟ್ಟಿಕೊಂಡಿದ್ದರು, ಮೇಕಪ್ಪಿಲ್ಲ, ಲೈಟಿನವನು ಇನ್ನೂ ವೈರು ಎಳೀತಿದ್ದ. ಗೆಳತಿ ವೇದಿಕೆಯ ಬಲಬದಿಯಲ್ಲಿ ಕೆಳಗೇ ಕೂತು ಕೋಲು ಹಿಡಿದಿದ್ದಳು.

ಮೊದಲು ತಪ್ಪು ಹೇಳಿಬಿಡ್ತೀನಿ. ಮೂರನೇ ಕೋರ್ವೆ ಹೊತ್ತಿಗೆ ಮೂವರ ಮೊಣಕೈ ಇಳಿದಿತ್ತು. ಸಾಲು ಓರೆಯಾಗಿ ತಿರುಗೋವಾಗ ಕೊನೆಯವಳಿಗೆ ಜಾಗ ಸಾಲದೆ ಎರಡು ಹೆಜ್ಜೆ ನುಂಗಿದಳು. ಕತ್ತು ಕಣ್ಣು ಇನ್ನೂ ಪಾಠ ಒಪ್ಪಿಸೋ ಹಂತದಲ್ಲೇ ಇತ್ತು. ಆದರೆ ಏಳು ಜನರ ಹದಿನಾಲ್ಕು ಕಾಲು ಒಂದೇ ಸಪ್ಪಳ ಮಾಡ್ತಿತ್ತು. ದೊಡ್ಡ ಊರಿನ ದೊಡ್ಡ ತಂಡಗಳಲ್ಲೂ ಇದು ಸುಲಭಕ್ಕೆ ಸಿಗಲ್ಲ. ಅಲ್ಲಿ ಎಲ್ಲರೂ ಟ್ರ್ಯಾಕಿನ ಜೊತೆ ಕೂಡ್ತಾರೆ, ಒಬ್ಬರ ಜೊತೆ ಒಬ್ಬರು ಕೂಡಲ್ಲ. ಇವರು ಪಕ್ಕದವಳ ಉಸಿರು ಕೇಳಿಸಿಕೊಂಡು ಕುಣೀತಿದ್ದರು. ರೊಟ್ಟಿ ಪಾಠದ ಹುಡುಗಿ ನಡುವಿನಲ್ಲಿದ್ದಳು. ಎರಡನೇ ಕೋರ್ವೆ ಮುಗಿದು ಸ್ವರ ಒಂದು ಕ್ಷಣ ಖಾಲಿ ಬಿಡೋ ಜಾಗ ಇದೆ. ಅಲ್ಲಿ ಅವಳು ಅಲುಗಾಡದೆ ನಿಂತಳು. ಮೊದಲು ಮುಂದೆ ಓಡ್ತಿದ್ದ ಕಾಲು ಅದು. ಆ ನಿಲ್ಲೋದನ್ನ ಕಲಿಯೋಕೆ ಅವಳಿಗೆ ನಾಲ್ಕು ತಿಂಗಳ ಶನಿವಾರಗಳು ಬೇಕಾಗಿದ್ದವು. ಅಂಥದನ್ನ ಗುರುತಿಸೋದೇ ವಿಮರ್ಶಕರ ಕೆಲಸ ಅಂತ ನಾನು ನಂಬಿದ್ದೀನಿ.

ಕೋಲಿನ ಬಗ್ಗೆಯೂ ಹೇಳಬೇಕು. ಗೆಳತಿ ಹಾಡಿಕೊಳ್ತಾ ತಾಳ ಹಾಕೋವಾಗ ಅದು ಮಕ್ಕಳ ಕಾಲನ್ನ ಕೇಳಿಸಿಕೊಳ್ತಿತ್ತು. ತಿರುಗೋ ಜಾಗದಲ್ಲಿ ಕೂದಲೆಳೆಯಷ್ಟು ಕಾಯ್ತಿತ್ತು, ಆತ್ಮವಿಶ್ವಾಸ ಬಂದ ಕಡೆ ಎಳೀತಿತ್ತು. ಇದಕ್ಕೆ ನಟುವಾಂಗ ಅನ್ನೋ ಹೆಸರಿದೆ, ಅದನ್ನೇ ಬದುಕು ಮಾಡಿಕೊಂಡ ನಟ್ಟುವನಾರರ ಪರಂಪರೆ ಇದೆ. ಹಿಂದೆ ನಟ್ಟುವನಾರರೂ ಮೇಳದವರೂ ನರ್ತಕಿಯ ಬೆನ್ನ ಹಿಂದೆಯೇ ನಿಂತು ನುಡಿಸ್ತಿದ್ದರು. 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಅವರನ್ನ ವೇದಿಕೆಯ ಒಂದು ಬದಿಗೆ ಕೂರಿಸಿದರು. ಈಗಲೂ ದೊಡ್ಡ ಕಾರ್ಯಕ್ರಮಗಳಲ್ಲಿ ನಾವು ನೋಡೋದು ಅದನ್ನೇ. ಹಿಂದೆಯೋ ಬದಿಗೋ, ಗುರು ಅಂತೂ ವೇದಿಕೆ ಮೇಲೇ ಇದ್ದರು. ನಮ್ಮ ವಾರ್ಷಿಕೋತ್ಸವಗಳಲ್ಲಿ ಮೇಳ ಪೆನ್‌ಡ್ರೈವಿಗೆ ಹೋಯ್ತು, ಗುರು ಪರದೆ ಹಿಂದೆ ಸೇಫ್ಟಿ ಪಿನ್ ಹಿಡಿದು ನಿಂತಳು.

ಖರ್ಚಿನ ಲೆಕ್ಕ ನನಗೂ ಗೊತ್ತಿದೆ. ಹಾಡುಗಾರರು, ಮೃದಂಗ, ಕೊಳಲು ಅಂತ ಬೀದರಿಗೆ ಕರೆಸಿದರೆ ಸ್ಕೂಲಿನ ಇಡೀ ವರ್ಷದ ಫೀಸು ಅಲ್ಲೇ ಮುಗಿಯುತ್ತೆ. ಆದರೆ ಒಂದು ಮಣೆ, ಒಂದು ಕೋಲು, ಒಂದು ಮೈಕು? ಆವತ್ತು ಸಂಜೆ ಪುಟ್ಟ ಮಕ್ಕಳ ಅಲರಿಪ್ಪು ನೋಡ್ತಾ ಇದೇ ಯೋಚನೆ. ಕ್ಲಾಸಿನಲ್ಲಿ ಅವಳ ಕೋಲಿಗೆ ಚೆಂದ ಕುಣಿಯೋ ಮಕ್ಕಳು ಅವರು. ಸ್ಪೀಕರಿನಿಂದ ಬಂದದ್ದು ದೊಡ್ಡವರ ವೇಗದ ರೆಕಾರ್ಡಿಂಗು, ಅದು ಯಾರಿಗೂ ಕಾಯಲ್ಲ. ಕೂತು ಏಳೋ ಭಾಗದಲ್ಲಿ ಅರ್ಧ ಮಕ್ಕಳು ಹಿಂದೆ ಬಿದ್ದರು, ಉಳಿದರ್ಧ ಕೂರೋದನ್ನೇ ಬಿಟ್ಟು ತಾಳ ಹಿಡಿದರು. ಪರದೆ ಪಕ್ಕದಿಂದ ಗೆಳತಿ ಬಾಯಿ ಅಲ್ಲಾಡಿಸ್ತಾ ಸೊಲ್ಲು ಹೇಳ್ತಿದ್ದದ್ದು ನನಗೆ ಕಾಣ್ತಿತ್ತು, ಮಕ್ಕಳಿಗೆ ಕೇಳಿಸ್ತಿರಲಿಲ್ಲ.

ಇನ್ನು ಆವತ್ತಿನ ಪರದೆ ಹಿಂದಿನ ಕಥೆ. ಮಧ್ಯಾಹ್ನ 12ಕ್ಕೇ ಮೇಕಪ್ ಸುರು. ಮೇಕಪ್ಪಿನವರು ಮೂವರು, ಮಕ್ಕಳು ಎಂಬತ್ತರ ಹತ್ತಿರ. ಹಾಗಾಗಿ ಮೊದಲು ಕೂತವಳ ಮುಖ ಸಂಜೆ 7ರ ಐಟಂಗೆ ಮಧ್ಯಾಹ್ನವೇ ತಯಾರು. ಆಮೇಲೆ ಏಳು ಗಂಟೆ ಅವಳು ಕೆನ್ನೆ ಕೆರೆಯೋ ಹಾಗಿಲ್ಲ, ಜೋರಾಗಿ ನಗೋ ಹಾಗಿಲ್ಲ. ಅಮ್ಮಂದಿರು ಚಿತ್ರಾನ್ನವನ್ನ ಚಮಚದ ತುದಿಯಲ್ಲಿ, ಲಿಪ್‌ಸ್ಟಿಕ್ಕಿಗೆ ತಾಗದ ಹಾಗೆ ತಿನ್ನಿಸ್ತಿದ್ದರು. ಹೈದರಾಬಾದಿನಿಂದ ಬಾಡಿಗೆಗೆ ತಂದ ಡ್ರೆಸ್ಸುಗಳ ಗಂಟು ಬಿಚ್ಚಿದಾಗ ಒಂದು ಸೆಟ್ಟಿನಲ್ಲಿ ಬೀಸಣಿಗೆ ಇಲ್ಲ, ಇನ್ನೊಂದರಲ್ಲಿ ಎರಡಿವೆ. ಸವರಿ ಜಡೆಯ ಭಾರಕ್ಕೆ ಆರು ವರ್ಷದವಳ ತಲೆ ಹಿಂದಕ್ಕೆ ವಾಲ್ತಿತ್ತು, ಅವಳ ಅಜ್ಜಿ ಕೈಕೊಟ್ಟು ಹಿಡಿದು ಕೂತಿದ್ದರು. ಕಾಲಿಗೆ ಆಲ್ತಾ ಹಚ್ಚಿಸಿಕೊಂಡ ಸಾಲು ಸಾಲು ಮಕ್ಕಳು ಒಣಗಲಿ ಅಂತ ಕಾಲು ಮೇಲೆ ಮಾಡಿಕೊಂಡು ಮಲಗಿದ್ದರು. ನಾನು ಪಿನ್ನು ಚುಚ್ಚೋ ಕೆಲಸ ಮಾಡಿದೆ. ಒಂದು ಡ್ರೆಸ್ಸಿಗೆ ಕಡಿಮೆ ಅಂದ್ರೂ ಹದಿನೈದು ಪಿನ್ನು.

ಈ ಗದ್ದಲದಲ್ಲೇ ಆ ದಿನದ ಎರಡನೇ ಒಳ್ಳೇ ನೃತ್ಯ ನೋಡಿದ್ದು. ಪಟ್ಟಿಯಲ್ಲಿ ‘ಲಂಬಾಣಿ ನೃತ್ಯ’ ಅಂತ ಒಂದಿತ್ತು. ಬೀದರಿನ ಬ್ಯಾಚಿನ ಎಂಟು ಹುಡುಗಿಯರು, ಸಿನಿಮಾ ಹಾಡಿನ ರೀಮಿಕ್ಸು, ಬಾಡಿಗೆ ಡ್ರೆಸ್ಸು. ಕನ್ನಡಿ ಅಂತ ಅಂಟಿಸಿದ್ದು ಬೆಳ್ಳಿ ಬಣ್ಣದ ಪ್ಲಾಸ್ಟಿಕ್ಕು. ಅವರು ಮೂಲೆಯಲ್ಲಿ ಒಂದು ಸಲ ಅಭ್ಯಾಸ ಮಾಡ್ತಿದ್ದಾಗ ಔರಾದಿನ ಜತಿಸ್ವರದ ಹುಡುಗಿಯೊಬ್ಬಳು ನಿಂತು ನೋಡಿದಳು. ತಾಂಡಾದವಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮೆಲ್ಲಗೆ, ‘ಹಿಂಗಲ್ಲಕ್ಕಾ. ಸೊಂಟ ಹಿಂಗ್ ಮುರ್ಯಂಗಿಲ್ಲ. ಬಗ್ಗಿ ಚಪ್ಪಾಳಿ ಹೊಡ್ದು ಏಳ್ಬೇಕು, ಸುತ್ತ ಹೋಗ್ಲತೇ ಇರ್ಬೇಕು’ ಅಂದಳು. ತೋರಿಸು ಅಂದರು. ತೋರಿಸಿದಳು. ಬಾಯಲ್ಲೇ ತಮ್ಮ ಮಾತಿನ ಒಂದು ಹಾಡು ಗುನುಗ್ತಾ ಸುತ್ತು ಹಾಕಿದಳು, ಆ ಎಂಟೂ ಜನ ಅವಳ ಹಿಂದೆ. ಭಾರ ಪೂರ್ತಿ ನೆಲದ ಕಡೆಗೆ, ಕೈ ತಟ್ಟೋದರಲ್ಲೇ ತಾಳ, ಆತುರ ಇಲ್ಲ. ಮನೇಲಿ ಅಜ್ಜಿಯ ಫೇಟಿಯಾ, ಕಾಂಚಳಿ ಪೆಟ್ಟಿಗೆಯಲ್ಲಿದೆ, ಖರೇ ಕನ್ನಡಿದು, ಕೇಳಿದ್ದರೆ ತರ್ತಿದ್ದೆ ಅಂದಳು. ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಸಂಜೆ ವೇದಿಕೆ ಮೇಲೆ ರೀಮಿಕ್ಸೇ ಬಂತು, ಸೊಂಟವೂ ಹಾಗೇ ಮುರೀತು, ಶಿಳ್ಳೆ ಬಿತ್ತು.

ವಚನ ನೃತ್ಯದ ಬಗ್ಗೆಯೂ ಒಂದು ಮಾತು. ಬಸವಕಲ್ಯಾಣ ಇರೋ ಜಿಲ್ಲೆ ನಮ್ಮದು, ವಚನ ಇಲ್ಲದೆ ಯಾವ ಕಾರ್ಯಕ್ರಮವೂ ನಡೆಯಲ್ಲ. ಆವತ್ತು ಮೂರಿದ್ದವು. ಮೂರರಲ್ಲೂ ಒಂದೇ ಕ್ರಮ: ಹಾಡಿನಲ್ಲಿ ಬಂದ ಪ್ರತಿ ಪದಕ್ಕೆ ಒಂದು ಮುದ್ರೆ. ಹೂವು ಅಂದರೆ ಹೂವು, ನೀರು ಅಂದರೆ ನೀರು. ನಮ್ಮ ಪ್ರೇಕ್ಷಕರಿಗೆ ಈ ವಚನಗಳು ಬಾಯಿಪಾಠ, ಮುಂದಿನ ಸಾಲಿನ ಅಜ್ಜಂದಿರು ಜೊತೆಗೇ ಹೇಳಿಕೊಳ್ತಿದ್ದರು. ಪದ ಗೊತ್ತಿರೋರಿಗೆ ಪದವನ್ನೇ ಕೈಯಲ್ಲಿ ಮತ್ತೆ ತೋರಿಸಿದರೆ ಏನು ಸಿಕ್ಕಂಗಾಯ್ತು? ಕೇಳಿದ ಮೇಲೆ ಒಳಗೆ ಏನಾಗುತ್ತೆ ಅನ್ನೋದನ್ನ ತೋರಿಸಬೇಕು. ಎರಡನೇ ವಚನದಲ್ಲಿ ಭಾಲ್ಕಿಯ ಹುಡುಗಿಯೊಬ್ಬಳು ಹಾಡಿನ ನಡುವೆ ಬರೀ ವಾದ್ಯ ನುಡಿಯೋವಾಗ ಏನೂ ಮಾಡದೆ ಕೂತು ತಲೆ ಎತ್ತಿ ನೋಡಿದಳು. ಮೂರೂ ವಚನಗಳಲ್ಲಿ ನನ್ನನ್ನ ಮುಟ್ಟಿದ್ದು ಅದೊಂದೇ. ಆಮೇಲೆ ಕೇಳಿದೆ. ‘ಅಲ್ಲಿ ಸ್ಟೆಪ್ ಮರ್ತಿದ್ದೆ ಅಕ್ಕಾ’ ಅಂದಳು.

ಈಗ ನನ್ನ ಪಾತ್ರ. ಕರಪತ್ರದಲ್ಲಿ ಕಾರ್ಯಕ್ರಮ ಸಂಜೆ 5ಕ್ಕೆ. ಮುಖ್ಯ ಅತಿಥಿಗಳಿಗೆ ಕಾದು ಸುರುವಾಗಿದ್ದು 6.10ಕ್ಕೆ. ಪ್ರಾರ್ಥನೆ, ದೀಪ, ಸ್ವಾಗತ, ಎಂಟು ಜನರಿಗೆ ಶಾಲು, ಹಾರ, ಬಿದ್ರಿಯ ನೆನಪಿನ ಕಾಣಿಕೆ. ಪ್ರತಿಯೊಬ್ಬರಿಗೂ ಫೋಟೊ, ಫೋಟೊದವನು ‘ಸರ್, ಇಕಡಿ’ ಅಂದ ಮೇಲೆ ಇನ್ನೊಂದು. ಆಮೇಲೆ ಭಾಷಣ. ಮೊದಲ ನೃತ್ಯಕ್ಕೆ ಪರದೆ ಎದ್ದಾಗ 7.35. ರಂಗಮಂದಿರ ಕಾಯ್ದಿರಿಸಿದ್ದು 9.30ರವರೆಗೆ. ಪಟ್ಟಿಯಲ್ಲಿ 16 ಐಟಂ. ನಡುವೆ ತಡವಾಗಿ ಬಂದ ಒಬ್ಬರಿಗೆ ಎರಡು ನೃತ್ಯಗಳ ಮಧ್ಯೆ ಮತ್ತೆ ಶಾಲು, ಎರಡು ಮಾತು.

ಆ ಎಂಟು ಜನರಲ್ಲಿ ನಾನೂ ಒಬ್ಬಳು. ‘ಇದೇ ಮಣ್ಣಿನ ಪ್ರತಿಭೆ, ಇಂದು ಹೈದರಾಬಾದಿನ ಬಹುರಾಷ್ಟ್ರೀಯ ಕಂಪನಿಯಲ್ಲಿ’ ಅಂತ ಪರಿಚಯ ಮಾಡಿದರು. ಎರಡು ನಿಮಿಷ ಮಾತಾಡು ಅಂತ ಗೆಳತಿ ಮೊದಲೇ ಹೇಳಿದ್ದಳು. ನಾನು ಕಲೆ ಮತ್ತು ಶಿಸ್ತು, ಮೊಬೈಲು ಮತ್ತು ಮಕ್ಕಳು, ನಮ್ಮ ಕಾಲದ ಕ್ಲಾಸು, ಭಾಷಣಗಳಿಂದ ಕಲೆಗೆ ಆಗೋ ತೊಂದರೆ, ಎಲ್ಲವನ್ನೂ ಹೇಳಿದೆ. ಚಪ್ಪಾಳೆ ಚೆನ್ನಾಗಿ ಬಿತ್ತು. ಯಾರೋ ಪೂರ್ತಿ ವಿಡಿಯೊ ಮಾಡಿ ಮರುದಿನ ಕಳಿಸಿದರು. 11 ನಿಮಿಷ 4 ಸೆಕೆಂಡು.

ಜತಿಸ್ವರ 7 ನಿಮಿಷದ್ದು.

ಪಟ್ಟಿಯಲ್ಲಿ ಅದು 15ನೆಯದು. ಪುಟ್ಟವರು ನಿದ್ದೆ ಹೋಗ್ತಾರೆ ಅಂತ ಅವರನ್ನ ಮೊದಲಿಟ್ಟು, ಗಟ್ಟಿ ಐಟಂ ಕೊನೆಗೆ ಇಟ್ಟಿದ್ದಳು. ಯೋಚನೆ ಸರಿಯೇ. 9.15ಕ್ಕೆ ಕೈಲಿ ಉಳಿದದ್ದು ಒಂದು ಐಟಂನ ಸಮಯ. 16ನೆಯದು ಮೂವತ್ತೆರಡು ಮಕ್ಕಳ ‘ಗ್ರ್ಯಾಂಡ್ ಫಿನಾಲೆ’, ಸಿನಿಮಾ ಹಾಡುಗಳ ಮಿಶ್ರಣ, ಆ ಮೂವತ್ತೆರಡರ ಅಪ್ಪ ಅಮ್ಮಂದಿರೂ ಮೊಬೈಲು ಎತ್ತಿ ಹಿಡಿದು ಕೂತಿದ್ದಾರೆ. ಇತ್ತ ಏಳು ಹುಡುಗಿಯರು, ಜೊತೆಗೆ ಬಂದಿದ್ದ ನಾಲ್ವರು ತಾಯಂದಿರು. ಗೆಳತಿ ಒಂದು ಕ್ಷಣ ಪಟ್ಟಿ ನೋಡಿದಳು, ಪೆನ್ನಿನಿಂದ ಒಂದು ಗೆರೆ ಎಳೆದಳು.

ಫಿನಾಲೆ ಹಾಡು ಸ್ಪೀಕರಿನಲ್ಲಿ ಒದರ್ತಿದ್ದಾಗ ನಾನು ಹಿಂದೆ ಹೋದೆ. ಏಳೂ ಜನ ಸಾಲಾಗಿ ಕೂತು ಗೆಜ್ಜೆ ಬಿಚ್ಚುತ್ತಿದ್ದರು. ಯಾರೂ ಅಳ್ತಿರಲಿಲ್ಲ. ಔರಾದಿಗೆ ವಾಪಸ್ ಹೋಗೋಕೆ ಕ್ರೂಸರ್ ಮಾತಾಡಿದ್ದರು, ಡ್ರೈವರು ಎರಡು ಸಲ ಬಂದು ಹೊತ್ತಾಯ್ತು ಅಂದು ಹೋಗಿದ್ದ. ಗೆಳತಿ ಓಡಿ ಬಂದು ಮಂಡಿ ಊರಿ ಕೂತು, ‘ಮುಂದಿನ ವರ್ಷ ಫಸ್ಟ್ ನಿಮ್ದೇ ಇಡ್ತೀನಿ, ದೇವರಾಣಿ’ ಅಂದಳು. ರೊಟ್ಟಿ ಪಾಠದ ಹುಡುಗಿ ತಲೆ ಎತ್ತದೇನೆ ಹೇಳಿದಳು: ‘ಮುಂದಿನ ವರ್ಷ ನಾ ಹತ್ತನೇತ್ತ ಇರ್ತೀನ್ರಿ ಮ್ಯಾಡಮ್. ಮನ್ಯಾಗ ಬಿಡಂಗಿಲ್ಲ.’

ಹತ್ತನೇತ್ತ ಅಂದ್ರೆ ಎಸ್ಸೆಸ್ಸೆಲ್ಸಿ. ಆಮೇಲೆ ಪಿಯುಸಿ, ಆಮೇಲೆ ಏನೇನೋ. ನಾನೂ ಹಾಗೇ ಗೆಜ್ಜೆ ಬಿಚ್ಚಿಟ್ಟವಳು, ಆದರೆ ಬಿಚ್ಚಿಡೋ ಮೊದಲು ನಾಲ್ಕು ಸಲ ವೇದಿಕೆ ಹತ್ತಿದ್ದೆ.

ಒಂದು ವಾರ ಆದ ಮೇಲೆ ಗೆಳತಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಸಿಟ್ಟಾಗಲಿಲ್ಲ. ‘ನೀ ಹೇಳೂದು ಖರೇ. ನನ್ನ ಲೆಕ್ಕನೂ ಕೇಳು’ ಅಂದಳು. ಶಾಲು ಹೊದಿಸಿಕೊಂಡ ಒಬ್ಬರು ಹಾಲಿನ ಬಾಡಿಗೆ ಕೊಟ್ಟಿದ್ದಾರೆ. ಇನ್ನೊಬ್ಬರಿಂದ ಔರಾದಿನ ಕೋಣೆ ಪುಕ್ಕಟೆ ಸಿಕ್ಕಿದೆ. ಫಿನಾಲೆಯ ಮೂವತ್ತೆರಡು ಮಕ್ಕಳ ಫೀಸಿನಿಂದಲೇ ಅವಳು ಔರಾದಿನ ಏಳು ಜನರಿಂದ ಅರ್ಧ ಫೀಸು ತಗೊಳ್ಳೋಕೆ ಆಗೋದು. ರೀಮಿಕ್ಸ್ ಇಲ್ಲಾಂದ್ರೆ ಜತಿಸ್ವರವೂ ಇಲ್ಲ. ಈ ಲೆಕ್ಕಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಇದೆ ಅಂತ ಹೇಳಿಕೊಳ್ಳೋದೂ ಇಲ್ಲ. ಹೊರಗೆ ನಿಂತು ಶುದ್ಧ ಕಲೆ ಅನ್ನೋದು ಸುಲಭ, ತಿಂಗಳ ಕೊನೆಗೆ ಕೋಣೆ ಬಾಡಿಗೆ ಕಟ್ಟೋರು ಬೇರೆ.

ಆದರೂ ನನ್ನ ತಕರಾರು ಉಳಿಯುತ್ತೆ. ಈ ಸ್ಕೂಲು ತನಗೆ ಚೆನ್ನಾಗಿ ಬರೋದನ್ನ ಮುಚ್ಚಿಟ್ಟು, ಅಷ್ಟೇನೂ ಬಾರದ್ದನ್ನ ಜನರಿಗೆ ತೋರಿಸ್ತಿದೆ. ಅದಕ್ಕೆ ಚೆನ್ನಾಗಿ ಬರೋದು ಕಲಿಸೋದು: ಕೋಲು ಕಾಯೋದು, ರೊಟ್ಟಿಯಿಂದ ತಾಳ ಹೇಳಿಕೊಡೋದು, ಓಡೋ ಕಾಲನ್ನ ನಿಲ್ಲಿಸೋದು. ವೇದಿಕೆ ಮೇಲೆ ಮಾತ್ರ ಅದು ಟಿವಿ ರಿಯಾಲಿಟಿ ಶೋದ ಬಡ ತಮ್ಮನ ಹಾಗೆ ಕಾಣೋಕೆ ಒದ್ದಾಡುತ್ತೆ, ಸೋಲುತ್ತೆ.

ನಾವು ಕೂತಿದ್ದ ಜಿಲ್ಲಾ ರಂಗಮಂದಿರಕ್ಕೆ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿದೆ. ಭಾಲ್ಕಿ ಹಿರೇಮಠದ ಆ ಸ್ವಾಮೀಜಿಯ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ನಿಜಾಮರ ಆಳ್ವಿಕೆಯಲ್ಲಿ, ಉರ್ದುವೇ ಓದು ಬರಹದ ಭಾಷೆಯಾಗಿದ್ದಾಗ, ಅವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಅಂತ ಹೇಳ್ತಾರೆ. ಆವತ್ತಿನ ನಿರೂಪಕರೂ ಅದನ್ನ ನೆನಪಿಸಿದರು, ಚಪ್ಪಾಳೆ ಬಿತ್ತು. ನನ್ನ ಗೆಳತಿಯ ಸ್ಕೂಲೂ ಹಾಗೇ ಅಂತ ನನಗೆ ಅನಿಸಿತು: ಹೊರಗೆ ಗ್ರ್ಯಾಂಡ್ ಫಿನಾಲೆಯ ಫ್ಲೆಕ್ಸು, ಒಳಗೆ ಸಾವೇರಿ. ವ್ಯತ್ಯಾಸ ಒಂದೇ. ಸ್ವಾಮೀಜಿಗೆ ಮುಚ್ಚಿಟ್ಟು ಕಲಿಸದೆ ಬೇರೆ ದಾರಿ ಇರಲಿಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗೀತು, 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು, ಬೋರ್ಡು ಬದಲಾಯ್ತು. ನಾವು ಈಗ ಯಾರಿಗೆ ಹೆದರಿ ಒಳಗಿನದನ್ನ ಒಳಗೇ ಇಡ್ತಿದ್ದೀವಿ?

ಹಾಗಾಗಿ ಗೆಳತಿಗೆ ನಾಲ್ಕು ಸಲಹೆ ಕೊಟ್ಟೆ, ಯಾವುದಕ್ಕೂ ಹೆಚ್ಚು ದುಡ್ಡು ಬೇಡ. ಒಂದು, ಔರಾದ್, ಭಾಲ್ಕಿಯವರ ಐಟಂ ಮೊದಲು, ಯಾಕಂದ್ರೆ ಅವರು ರಾತ್ರಿ ದೂರ ಹೋಗಬೇಕು. ಎರಡು, ಸನ್ಮಾನ ಕೊನೆಗೆ. ಹಾಲಿನ ಬಾಡಿಗೆ ಕೊಟ್ಟ ಹಿರಿಯರು ನೃತ್ಯ ನೋಡಿ ಆಮೇಲೆ ಶಾಲು ಹೊದ್ದುಕೊಂಡರೆ ಅವರ ಗೌರವವೇನೂ ಕಡಿಮೆ ಆಗಲ್ಲ. ಮೂರು, ಎರಡು ಐಟಂ ಆದರೂ ರೆಕಾರ್ಡಿಂಗ್ ಇಲ್ಲದೆ, ಅವಳು ಮೈಕಿನ ಮುಂದೆ ಕೋಲು ಹಿಡಿದು ಕೂತು ನಡೆಸಬೇಕು. ನಾಲ್ಕು, ಹತ್ತು ನಿಮಿಷ ವೇದಿಕೆ ಮೇಲೇ ಪಾಠ. ಚೂಡಿದಾರದಲ್ಲೇ ಮಕ್ಕಳು ಬರಲಿ, ತಪ್ಪು ಮಾಡಲಿ, ಅವಳು ತಿದ್ದಲಿ. ಅಪ್ಪ ಅಮ್ಮಂದಿರಿಗೆ ತಮ್ಮ ಫೀಸು ಎಲ್ಲಿ ಹೋಗ್ತಿದೆ ಅಂತ ಒಂದು ಸಲ ಕಾಣಲಿ. ಮೂರಕ್ಕೆ ಹೂಂ ಅಂದಳು. ಸನ್ಮಾನದ ವಿಷಯಕ್ಕೆ ‘ನೋಡೋಣ’ ಅಂದಳು.

ಐದನೇ ಸಲಹೆ ನಿಮಗೆ. ಊರು ಬಿಟ್ಟು ಹೈದರಾಬಾದ್, ಪುಣೆ, ಬೆಂಗಳೂರು ಸೇರಿ ಒಂದಿಷ್ಟು ಹೆಸರು ಮಾಡಿದವರನ್ನ ಒಂದಲ್ಲ ಒಂದು ದಿನ ಊರಿನ ಇಂಥ ಕಾರ್ಯಕ್ರಮಕ್ಕೆ ಅತಿಥಿಯಾಗಿ ಕರೀತಾರೆ. ಹೋಗಿ. ದುಡ್ಡು ಕೊಡೋಕೆ ಆದರೆ ಕೊಡಿ. ಮೈಕು ಕೈಗೆ ಬಂದಾಗ ಹಿಂದೆ ಮೇಕಪ್ ಹಾಕಿಕೊಂಡು ಏಳು ಗಂಟೆಯಿಂದ ಕೆನ್ನೆ ಕೆರೆಯದೆ ಕೂತವರು ಇದ್ದಾರೆ ಅನ್ನೋದನ್ನ ನೆನಪಿಟ್ಟುಕೊಂಡು, ನಮಸ್ಕಾರ ಹೇಳಿ ಕೂತುಬಿಡಿ.

ಬಿದ್ರಿಯ ಆ ಪುಟ್ಟ ಹೂಜಿ ಈಗ ನನ್ನ ಮನೆಯ ಟಿವಿ ಪಕ್ಕದಲ್ಲಿದೆ. ಜತಿಸ್ವರದ್ದು ಅಂತ ನನ್ನ ಬಳಿ ಇರೋದು ನವೆಂಬರಿನಲ್ಲಿ ಔರಾದಿನ ಕೋಣೆಯಲ್ಲಿ ತೆಗೆದ 40 ಸೆಕೆಂಡಿನ ವಿಡಿಯೊ. ಅರ್ಧ ಬೆಂಚುಗಳೇ ಕಾಣುತ್ತೆ. ಕೋಲಿನ ಸಪ್ಪಳ ಮಾತ್ರ ಸ್ಪಷ್ಟ ಕೇಳಿಸುತ್ತೆ, ಅದು ಒಂದು ಕಡೆ ಕಾಯೋದೂ ಕೇಳಿಸುತ್ತೆ. ಅದನ್ನ ಆ ಹುಡುಗಿಯ ತಾಯಿಯ ಫೋನಿಗೆ ಕಳಿಸಿದೆ. ಮನೇಲಿ ಎಲ್ಲಾರೂ ನೋಡಿದಿವಿ ಅಕ್ಕಾ, ಪೂರಾ ಇಲ್ಲೇನು, ಅಂತ ಉತ್ತರ ಬಂತು.